ಮೇಷ್ಟ್ರ ಮಳೆಮಾಪಕ

"ಇನ್ಮೇಲೆ ಯಾವ ಮೋಡಾನೂ ನನಗೆ ಲೆಕ್ಕ ಒಪ್ಪಿಸದೆ ಕಲ್ಯಾಣದುರ್ಗ ದಾಟಂಗಿಲ್ಲ" ಎಂದು ಚೆನ್ನಕೇಶವ ಮೇಷ್ಟ್ರು ಹಿಂದೂಪುರದಲ್ಲಿ ಕಲ್ಯಾಣದುರ್ಗದ ಬಸ್ಸು ಹತ್ತುವಾಗಲೇ ಘೋಷಿಸಿದರು. ಸಿಕ್ಕಿದ್ದು ಎರಡೇ ಸೀಟು. ಒಂದರಲ್ಲಿ ಮೇಷ್ಟ್ರು ಕೂತರು. ಕಿಟಕಿ ಪಕ್ಕದ್ದರಲ್ಲಿ ಹೊಸದಾಗಿ ಮಾಡಿಸಿದ ತಾಮ್ರದ ಮಳೆಮಾಪಕ ಕೂತಿತು. ಹೆಂಡತಿ ಸರ್ವಮಂಗಳಮ್ಮ ಊರು ಬರುವವರೆಗೂ ಕಂಬಿ ಹಿಡಿದು ನಿಂತರು.

ಚಿಲಮತ್ತೂರು ಕಡೆಯ ಹಳ್ಳಿಯಲ್ಲಿ ಕುರಿ ಮೇಯಿಸುತ್ತಾ, ಕುರಿಗಿಂತ ಹೆಚ್ಚಾಗಿ ಮೋಡ ನೋಡುತ್ತಾ ಬೆಳೆದವರು ಮೇಷ್ಟ್ರು. ವಂಶದಲ್ಲೇ ಮೊದಲ ಬಿ.ಎಸ್ಸಿ. ಹೈಸ್ಕೂಲಿನಲ್ಲಿ ಪಾಠ ಹೇಳುವುದು ಹೊಟ್ಟೆಪಾಡು. ಮಳೆ ಅಳೆಯುವುದು ತಪಸ್ಸು. ಹಿಂದೂಪುರದ ಹಳೆಯ ಪ್ರೊಫೆಸರು, ಈ ವರ್ಷದ ಮೊದಲ ಮಳೆಯನ್ನು ಸರಿಯಾಗಿ ಅಳೆದು ತಂದರೆ ತಮ್ಮ ಸಂಶೋಧನೆಗೆ ಸೇರಿಸಿಕೊಳ್ಳುವುದಾಗಿ ಮಾತು ಕೊಟ್ಟಿದ್ದರು. ಅಂದಿನಿಂದ ಮೇಷ್ಟ್ರು ಊಟದ ತಟ್ಟೆಯ ಸಾರಿನಲ್ಲೂ ಮುಂಗಾರು ಕಾಣುತ್ತಿದ್ದರು.

ಮನೆ ಮುಂದೆ ಸಿಮೆಂಟು ಕಟ್ಟೆ ಎದ್ದಿತು. ಅದರ ಮೇಲೆ ಮಾಪಕ, ಸುತ್ತ ತಂತಿ. ಯಾರೂ ಮುಟ್ಟಕೂಡದೆಂದು ಬೀದಿಗೆಲ್ಲ ಕಟ್ಟಪ್ಪಣೆ. ದಿನಾ ಬೆಳಿಗ್ಗೆ ಸ್ನಾನ ಮಾಡಿ, ದೂಳು ಬೀಳದಿರಲೆಂದು ಚಪ್ಪಲಿ ಬಿಟ್ಟು, ಅದರ ಮುಂದೆ ನಡು ಬಗ್ಗಿಸಿ ನೋಡುವರು. ಆಮೇಲೆ ಬಾಗಿಲ ಪಕ್ಕದ ಕರಿಹಲಗೆಯ ಮೇಲೆ 'ಇಂದಿನ ಮಳೆ' ಎಂದು ಬರೆದು ಒಂದು ದುಂಡನೆಯ ಸೊನ್ನೆ ಸುತ್ತುವರು.

ಒಂದು ಶುಕ್ರವಾರ ಮಾಪಕದಲ್ಲಿ ನೀರು! ಅಂಗಳ ಮಾತ್ರ ಹಪ್ಪಳದಂತೆ ಒಣಗಿತ್ತು. "ನಮ್ ಮನೆಗೊಂದಕ್ಕೇ ಬಿತ್ತೇನ್ರೀ ಮಳೆ?" ಎಂದರು ಸರ್ವಮಂಗಳಮ್ಮ. ಅತಿ ಸ್ಥಳೀಯ ಮಳೆಯೆಂಬುದನ್ನು ಜಗತ್ತಿನಲ್ಲಿ ತಾವೇ ಮೊದಲು ಕಂಡುಹಿಡಿದಿರಬೇಕೆಂದು ಮೇಷ್ಟ್ರು ಇಡೀ ವಾರ ತೇಲಾಡಿದರು. ಮುಂದಿನ ಶುಕ್ರವಾರದ ನೀರಿನಲ್ಲಿ ಅರಿಶಿನವೂ ಒಂದು ತುಳಸಿ ದಳವೂ ಇದ್ದವು. ಅದಕ್ಕೂ ಸುಂಟರಗಾಳಿಯ ಸಿದ್ಧಾಂತವೊಂದು ತಯಾರಾಗುವಷ್ಟರಲ್ಲಿ ಎದುರು ಮನೆಯ ಮುದುಕಿ ಪೋಲಮ್ಮ ಖಾಲಿ ಚೊಂಬು ಹಿಡಿದು ಸಿಕ್ಕಿಬಿದ್ದಳು.

"ದಿನಾ ನೀನೇ ತಾನಾ ಮಾಡಿ ಬಗ್ತೀಯ, ಮುಟ್ಬ್ಯಾಡಿ ಅಂತೀಯ. ಮಳೆ ದ್ಯಾವ್ರು ಅಂತ ಒಂದ್ ಚೊಂಬು ಹುಯ್ದೆ ಕಣಪ್ಪ. ಮುಟ್ಲಿಲ್ಲ, ದೂರದಿಂದ್ಲೇ ಹುಯ್ದೆ."

ಮೇಷ್ಟ್ರು ನೀರಿನ ಅಳತೆಯ ವಿಜ್ಞಾನವನ್ನೆಲ್ಲ ಬಿಡಿಸಿ ಹೇಳಿದರು. ಪೋಲಮ್ಮ ಪುರಾಣ ಕೇಳುವಂತೆ ಕೈಮುಗಿದು ಕೇಳಿದಳು. ಕೊನೆಗೆ ಮೇಷ್ಟ್ರು ಎಂದರು: "ಒಟ್ನಲ್ಲಿ ಅದ್ರೊಳಕ್ಕೆ ಒಂದು ಹನಿ ನೀರೂ ಬೀಳಬಾರ್ದು ಕಣಮ್ಮ. ತಿಳೀತಾ?"

"ತಿಳೀತು ಸಾಮೀ. ನಾನ್ ನೋಡ್ಕೊಂತೀನಿ."

ಅದೇ ಸಂಜೆ, ಕೊನೆಯ ಪಾಠದ ನಡುವೆ, ಆಕಾಶ ಕಪ್ಪಾಗಿ ಮೊದಲ ಮಳೆ ಸುರಿಯಿತು. ಮೇಷ್ಟ್ರು ಕೊಡೆ ಬಿಚ್ಚಲಿಲ್ಲ. ಒಂದೊಂದು ಹನಿಯೂ ತಮ್ಮ ಹೆಸರು ಹಿಡಿದು ಕರೆದಂತೆ, ಮೊಣಕಾಲುದ್ದ ನೀರಿನಲ್ಲಿ ನಗುತ್ತಾ ಮನೆಗೆ ಬಂದರು.

ಮಾಪಕದ ಮೇಲೆ ಪೋಲಮ್ಮನ ಮನೆಯ ದೊಡ್ಡ ತಪ್ಪಲೆ ಬೋರಲು ಬಿದ್ದಿತ್ತು. ಗಾಳಿಗೆ ಹಾರದಂತೆ ಅದರ ಮೇಲೊಂದು ಗುಂಡುಕಲ್ಲು. ಪಕ್ಕದಲ್ಲಿ ಗೋಣಿಚೀಲ ಹೊದ್ದ ಪೋಲಮ್ಮ ತೊಯ್ದು ತೊಪ್ಪೆಯಾಗಿ ಕಾವಲು ನಿಂತಿದ್ದಳು.

"ಒಂದ್ ಹನಿ ಒಳಕ್ ಬಿಟ್ಟಿಲ್ಲ ಸಾಮೀ" ಎಂದಳು.

ತಪ್ಪಲೆಯ ಮೇಲೆ ಮಳೆ ಬಾರಿಸುತ್ತಲೇ ಇತ್ತು. ಸುಳ್ಳು ಬರೆಯಲು ಮೇಷ್ಟ್ರಿಗೆ ಕೈ ಬರಲಿಲ್ಲ. ಊರೆಲ್ಲ ಹರಿಯುತ್ತಿರುವಾಗ ಸೂರಿನ ಕೆಳಗೆ ನಿಂತು ಹಲಗೆಯ ಮೇಲೆ ಸೊನ್ನೆ ಸುತ್ತಿದರು.

ಸರ್ವಮಂಗಳಮ್ಮ ತಲೆ ಒರೆಸಿಕೊಳ್ಳಲು ಟವೆಲ್ ಕೊಟ್ಟು ಹೇಳಿದರು: "ಹಿಂದೂಪುರಕ್ಕೆ ನಾನೂ ಬತ್ತೀನಿ ಕಣ್ರೀ. ಸೊನ್ನೆಗೆ ಸೀಟು ಬ್ಯಾಡ."