ಬಾಡಿ ಬಂತಾ?

ಬಾಡಿ ಅನ್ನುವ ಪದದ ಮೇಲೆ ನನಗೆ ಹಗೆತನವೇನೂ ಇರಲಿಲ್ಲ. ಬೆಂಗಳೂರಿನಲ್ಲಿ ಅದಿಲ್ಲದೆ ದಿನ ಸಾಗುವುದುಂಟೇ? ಬಾಯಿಹುಣ್ಣಾದರೆ ‘ಬಾಡಿ ಹೀಟಾಗಿದೆ, ಎಳನೀರು ಕುಡೀರಿ’ ಅನ್ನುತ್ತಾರೆ. ಜಿಮ್ಮಿನ ಹುಡುಗರು ಬಾಡಿ ಮಾಡುತ್ತಾರೆ. ಮೊದಲಿದ್ದದ್ದು ಏನಾಯಿತೆಂದು ಕೇಳಬಾರದು. ಲಾರಿಗೆ ಬಾಡಿ ಕಟ್ಟುತ್ತಾರೆ. ರಜೆ ಬೇಕಾದ ದಿನ ನನ್ನ ಬಾಡಿ ಸಪೋರ್ಟ್ ಮಾಡುವುದಿಲ್ಲ. ನಮ್ಮಜ್ಜಿಗೆ ಬಾಡಿ ಅಂದರೆ ರವಿಕೆಯ ಒಳಗೆ ತೊಡುವ ಬಟ್ಟೆ. ಅದನ್ನು ಟವಲಿನ ಅಡಿಯಲ್ಲಿ ಒಣಗಿಸುತ್ತಿದ್ದಳು, ಮೊಮ್ಮಕ್ಕಳು ಆ ಕಡೆ ನೋಡಿದರೂ ಬೈಯುತ್ತಿದ್ದಳು.

ಹೋದ ತಿಂಗಳು ನನ್ನ ಭಾವ, ಅಂದರೆ ಅಕ್ಕನ ಗಂಡ, ಬೆಳಗಿನ ಕಾಫಿ ಕುಡಿಯುತ್ತಲೇ ಎದೆ ಹಿಡಿದುಕೊಂಡು ಕುಸಿದವರು ಆಸ್ಪತ್ರೆಯಲ್ಲಿ ಹೋಗಿಬಿಟ್ಟರು. ಬಾಪೂಜಿ ನಗರದ ಮನೆಗೆ ಸುದ್ದಿ ಮುಟ್ಟುವುದರೊಳಗೆ ಅವರು ಬಾಡಿಯಾಗಿದ್ದರು. “ಬಾಡಿ ಬಂತಾ?” “ಬಾಡಿ ಎಷ್ಟೊತ್ತಿಗೆ ಎತ್ತೋದು?” ಹಿಂದಿನ ದಿನದವರೆಗೆ “ನಮಸ್ಕಾರ ರಂಗಸ್ವಾಮಿ ಸಾರ್” ಅನ್ನುತ್ತಿದ್ದ ಎದುರುಮನೆಯವರೂ “ಬಾಡಿ ತಲೆ ದಕ್ಷಿಣಕ್ಕೆ ಮಾಡಿ” ಅಂದರು. ಹೂವಿನಂಗಡಿಯವನಂತೂ “ಬಾಡಿ ಹಾರನಾ, ಫೋಟೋ ಹಾರನಾ ಸಾರ್?” ಅಂದ.

ಅಕ್ಕ ನನ್ನ ಕೈ ಹಿಡಿದುಕೊಂಡಳು. “ಲೋ, ಇವ್ರನ್ನ ಯಾರೂ ಹಾಗನ್ನದ ಹಾಗೆ ನೋಡ್ಕೊಳೋ. ಕರುಳು ಕಿತ್ತು ಬರತ್ತೆ. ಎತ್ತೋವರೆಗಾದ್ರೂ ಮನುಷ್ಯರ ಥರ ಇರ್ಲಿ.” ಅವಳು ಕೇಳಿದ್ದು ಅಷ್ಟೇ.

ಗೇಟಿನಲ್ಲಿ ನಿಂತು ಬಂದಬಂದವರಿಗೆಲ್ಲ “ಒಳಗೆ ಬಾಡಿ ಅನ್ನೋ ಮಾತು ಬೇಡ” ಎಂದು ಪಿಸುಗುಟ್ಟಿದೆ. “ಮತ್ತೇನನ್ಬೇಕು ಸಾರ್?” ಎಂದು ಒಬ್ಬರು ಕೇಳಿದಾಗ ನನ್ನ ಕನ್ನಡಾಭಿಮಾನ ತೆಪ್ಪಗಾಯಿತು. ಹೆಣ ಅನ್ನಲಾದೀತೇ? ಶವ ಅಂದರೆ ಹಿಂದೆಯೇ ಪೊಲೀಸರು ಬಂದ ಹಾಗೆ. ಪಾರ್ಥಿವ ಶರೀರ ಅನ್ನಿಸಿಕೊಳ್ಳಲು ಮಂತ್ರಿಯಾದರೂ ಆಗಿರಬೇಕು. ಭಾವ ಗ್ಯಾಸಿನವನನ್ನೂ “ಸಾರ್” ಎನ್ನುತ್ತಿದ್ದ ಮನುಷ್ಯ. ಕೊನೆಗೆ “ಯಜಮಾನ್ರು ಅನ್ನಿ” ಅಂದೆ. “ಸರಿ, ಯಜಮಾನ್ರನ್ನ ಯಾವಾಗ ಸುಡೋದು?” ಎಂದರು. ನನಗೆ ನಗು ಬಂದುಬಿಟ್ಟಿತು. ಆಮೇಲೆ ನಾಚಿಕೆಯಾಯಿತು.

ಸಂಜೆ ಭಾವನನ್ನು ಎರಡನೇ ಮಹಡಿಯ ಮನೆಯಿಂದ ಇಳಿಸಬೇಕಿತ್ತು. ಆ ಮೆಟ್ಟಿಲುಗಳಲ್ಲಿ ಒಬ್ಬರು ಇಳಿದರೆ ಎದುರು ಬಂದವರು ಗೋಡೆಗೆ ಅಂಟಿಕೊಳ್ಳಬೇಕು. ಜಮಖಾನದಲ್ಲಿ ಮಲಗಿಸಿ ನಾಲ್ವರು ಹಿಡಿದುಕೊಂಡೆವು. ತಿರುವಿನಲ್ಲಿ ಒಂದು ಮೂಲೆ ಜಾರಿತು.

“ರೀ, ಬಾಡಿ ಜಾರ್ತಿದೆ! ಬಾಡಿ ಹಿಡ್ಕೊಳ್ರೀ!”

ಕಿರುಚಿದ್ದು ನಾನೇ. ನನ್ನ ನಾಲಿಗೆಗಿಷ್ಟು ಬೆಂಕಿ ಹಾಕ! ಎಲ್ಲರೂ ನಿಂತುಬಿಟ್ಟರು. ಮೇಲಿನ ಮೆಟ್ಟಿಲ ಮೇಲೆ ಅಕ್ಕ ಇದ್ದಳು. ಮದುವೆಯಾದಂದಿನಿಂದ ‘ಇವ್ರು’, ‘ನಮ್ಮನೆಯವ್ರು’ ಬಿಟ್ಟು ಗಂಡನನ್ನು ಇನ್ನೊಂದು ರೀತಿ ಕರೆದವಳಲ್ಲ.

“ರಂಗಸ್ವಾಮಿ ಅನ್ನೋ,” ಅಂದಳು. “ಹೆಸರು ಹೇಳಿದ್ರೆ ಗಂಡನ ಆಯಸ್ಸು ಕಮ್ಮಿ ಆಗತ್ತೆ ಅಂತ ಇಷ್ಟು ವರ್ಷ ನಾನು ಬಾಯಿ ಬಿಡ್ಲಿಲ್ಲ. ಇನ್ನೇನು ಕಮ್ಮಿ ಆಗತ್ತೆ? ರಂಗಸ್ವಾಮಿ. ನೀನೂ ಅನ್ನು.”

ಭಾವನನ್ನು ಹೆಸರು ಹಿಡಿದು ಕರೆದು ನನಗೂ ಅಭ್ಯಾಸವಿರಲಿಲ್ಲ. ಜಮಖಾನದ ತುದಿ ಬಿಗಿಹಿಡಿದು ಬಾಯಿ ತೆರೆದೆ. ಬೆಳಗಿನಿಂದ ಬೀದಿಗೆಲ್ಲ ಮಾತು ಕಲಿಸಿದ ಬಾಯಿ, ಒಂದಕ್ಷರ ಹೊರಡಲಿಲ್ಲ. ಮಿಕ್ಕ ಮೂವರೇ “ರಂಗಸ್ವಾಮಿಯವ್ರು, ನಿಧಾನ, ರಂಗಸ್ವಾಮಿಯವ್ರು” ಅನ್ನುತ್ತಿದ್ದಂತೆ ಅವರನ್ನು ಕೆಳಗಿಳಿಸಿದೆವು.