ಅತ್ತೆಯ ನಾಲಿಗೆಗೆ ಒಂದು ಗುಟುಕು

“ಇದಕ್ಕೆ ರಸಜ್ಞೆ ಅಂತ ಹೆಸರಿಟ್ಟಿದ್ದೀನಿ!” ಎಂದು ನಾಗಭೂಷಣ ಊಟದ ಮೇಜಿನ ಮೇಲಿದ್ದ ಟವೆಲನ್ನು ಸರ್ರನೆ ಎಳೆದ.

ಟವೆಲಿನಡಿ ಹೆಂಡತಿ ಮಂದಾಕಿನಿಯ ದೊಡ್ಡ ಕಾಫಿ ಫಿಲ್ಟರು ಕೂತಿತ್ತು. ಅದಕ್ಕೀಗ ನಾಲ್ಕು ಚಕ್ರ ಬಂದಿದ್ದವು, ಹೊಟ್ಟೆಯಲ್ಲಿ ಹಸಿರು ದೀಪ ಮಿನುಗುತ್ತಿತ್ತು. ಮುಂದಕ್ಕೆ ಆನೆಯ ಸೊಂಡಿಲಿನಂತೆ ಒಂದು ಕೊಳವೆ, ಅದರ ತುದಿಗೆ ಗುಲಾಬಿ ಸ್ಪಂಜಿನ ನಾಲಿಗೆ.

“ರೀ, ಅದು ನನ್ನ ಫಿಲ್ಟರು!”

“ಆಗಿತ್ತು! ಈಗ ಅದು ರುಚಿ ನೋಡೋ ಯಂತ್ರ. ನಾಲಿಗೆ ಅದ್ದಿದರೆ ಸಾಕು, ಒಳ್ಳೇದಾ ಕೆಟ್ಟದ್ದಾ, ನೂರಕ್ಕೆ ಎಷ್ಟು, ಎಲ್ಲಾ ಬಾಯಿಬಿಟ್ಟು ಹೇಳುತ್ತೆ. ನಿನಗೆ ವೈನ್ ಆರಿಸೋ ಚಿಂತೆ ಇತ್ತಲ್ಲ? ಹೋಯ್ತು ಅಂದ್ಕೋ.”

ಚಿಂತೆ ಇದ್ದದ್ದು ನಿಜ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಜೊತೆಗೆ ಕೆಲಸ ಮಾಡಿದ ಮೂವರು ಗೆಳತಿಯರು, ಮಂದಾಕಿನಿ, ಫ್ಲೋರಿನ್ ಮತ್ತು ದೇಚಮ್ಮ, ಆಗಾಗ ಒಬ್ಬರ ಮನೆಯಲ್ಲಿ ಸೇರುವುದು ರೂಢಿ. ಈ ಸಲ ಸರಸ್ವತಿಪುರಂನಲ್ಲಿರುವ ಫ್ಲೋರಿನ್ ಮನೆಯಲ್ಲಿ. “ಒಬ್ಬೊಬ್ಬರು ಒಂದೊಂದು ವೈನ್ ತರೋಣ” ಎಂದಿದ್ದ ಫ್ಲೋರಿನ್, ಮರುಗಳಿಗೆಗೆ, “ಮಂದಾ, ನಿಂಗೆ ಅದೆಲ್ಲ ಯಾಕೆ, ನೀನು ಸಾರು ತಗೊಂಡ್ ಬಾ ಸಾಕು” ಎಂದು ಸೇರಿಸಿದ್ದಳು. ಪ್ರೀತಿಯಿಂದಲೇ ಹೇಳಿದ್ದು. ಆದರೂ ಆ ಮಾತು ಮಂದಾಕಿನಿಗೆ ಗಂಟಲಲ್ಲಿ ಸಿಕ್ಕಿಕೊಂಡ ಮೀನಿನ ಮುಳ್ಳಿನಂತಾಗಿತ್ತು. ಮೀನು ತಿನ್ನದ ಅವಳಿಗೂ ಅದು ಹೇಗಿರುತ್ತದೆಂದು ಅವತ್ತು ಗೊತ್ತಾಯಿತು. ಮೊದಲಿಂದಲೂ ಎಲ್ಲಿಗೆ ಹೋದರೂ ಅವಳ ಕೈಯಲ್ಲಿ ಸಾರಿನ ಡಬ್ಬಿ. ಈ ಸಲ ಬಾಟಲಿಯೇ ತರುತ್ತೇನೆ, ನಾನೇ ಆರಿಸಿ ತರುತ್ತೇನೆ ಎಂದು ಹಟ ಹಿಡಿದಿದ್ದಳು.

“ಎಲ್ಲಿ, ಇದರ ರುಚಿ ನೋಡಿ ಹೇಳು” ಎಂದು ನಾಗಭೂಷಣ ಬೆಳಗಿನ ಸಾರಿನ ಪಾತ್ರೆಗೆ ಸೊಂಡಿಲು ಇಳಿಬಿಟ್ಟ. ನಾಲಿಗೆ ಲೊಚಲೊಚ ಎಂದಿತು. ಹಸಿರು ದೀಪ ಕೆಂಪಾಯಿತು.

“ಇಂಗು ಎಲ್ಲಿ? ಇದೇನು ಸಾರಾ, ಪಾತ್ರೆ ತೊಳೆದ ನೀರಾ? ನೂರಕ್ಕೆ ಹನ್ನೊಂದು!”

ಮಂದಾಕಿನಿಯ ಕೈಯಿಂದ ಸೌಟು ಜಾರಿತು. ಆ ದನಿ, ತೀರಿಕೊಂಡು ಆರು ವರ್ಷವಾಗಿದ್ದ ಅವಳ ಅತ್ತೆಯದು!

“ರೀ... ನಿಮ್ಮಮ್ಮ!”

“ಅಮ್ಮನೇ!” ನಾಗಭೂಷಣ ಹಿಗ್ಗಿದ. “ಬಾಂಬೆಯಲ್ಲಿದ್ದ ಅಕ್ಕನಿಗೆ ಅಡುಗೆ ಹೇಳಿಕೊಡೋಕೆ ಅಮ್ಮ ಕ್ಯಾಸೆಟ್ಟು ತುಂಬಿ ಕಳಿಸ್ತಿದ್ದರಲ್ಲ? ಅಷ್ಟನ್ನೂ ಇದಕ್ಕೆ ಕೇಳಿಸಿಬಿಟ್ಟೆ. ಅಮ್ಮನ ನಾಲಿಗೆಗಿಂತ ಖಚಿತವಾದ್ದು ಪ್ರಪಂಚದಲ್ಲಿ ಯಾವುದಿದೆ ಹೇಳು?”

ಆ ಕ್ಯಾಸೆಟ್ಟುಗಳು ಮಂದಾಕಿನಿಗೂ ನೆನಪಿದ್ದವು. ಅರ್ಧ ಭಾಗ ಅಡುಗೆ ಹೇಗೆ ಮಾಡಬೇಕು ಎಂದಿದ್ದರೆ, ಉಳಿದರ್ಧ ಸೊಸೆ ಹೇಗೆ ಮಾಡುತ್ತಾಳೆ ಎಂದು.

“ನನಗೆ ಈ ಯಂತ್ರ ಬೇಡ” ಎಂದಳು.

“ನಿನಗೆ ವಿಜ್ಞಾನ ಅಂದ್ರೆ ಭಯ ಕಣೇ.”

“ವಿಜ್ಞಾನ ಅಂದ್ರೆ ಇಲ್ಲ!”

ದ್ರಾಕ್ಷಿಯ ವೈನನ್ನಷ್ಟೇ ಮಾರುವ ಹೊಸ ಅಂಗಡಿಯೊಂದು ಆಗಿತ್ತು. ಹೆಂಗಸರೂ ನಿಸ್ಸಂಕೋಚವಾಗಿ ಹೋಗುವಂಥದ್ದು. ಮಂದಾಕಿನಿ ಅಲ್ಲಿಗೆ ಹೊರಟಾಗ, ಅವಳ ಮಾತು ಕೇಳದೆ ನಾಗಭೂಷಣ ಯಂತ್ರವನ್ನೂ ಚೀಲದಲ್ಲಿ ಹಾಕಿಕೊಂಡು ಜೊತೆಗೆ ಬಂದ. ಒಳಗೆ ತಂಪು, ಮಂದ ಬೆಳಕು. ರುಚಿ ನೋಡಲೆಂದು ಪುಟ್ಟ ಪುಟ್ಟ ಲೋಟಗಳಲ್ಲಿ ಸಾಲಾಗಿ ವೈನ್ ಇಟ್ಟಿದ್ದರು. ಮಂದಾಕಿನಿ ಒಂದು ಲೋಟ ಎತ್ತಿಕೊಳ್ಳುವಷ್ಟರಲ್ಲಿ ನಾಗಭೂಷಣನ ಚೀಲದಿಂದ ಸೊಂಡಿಲು ಹೊರಬಂದು ಅದರೊಳಗೆ ನಾಲಿಗೆ ಅದ್ದಿತು.

“ಹುಣಸೆಹಣ್ಣು ಹಳೇದು! ನೂರಕ್ಕೆ ನಾಲ್ಕು!”

ಅಂಗಡಿಯ ಹುಡುಗಿ ಗಾಬರಿಯಿಂದ ಸುತ್ತ ನೋಡಿದಳು. “ಮೇಡಂ, ಯಾರೋ ಅಜ್ಜಿ ಮಾತಾಡಿದ ಹಾಗಾಯ್ತು.”

“ನಮ್ಮತ್ತೆ. ನೀವು ತಲೆ ಕೆಡಿಸ್ಕೋಬೇಡಿ.”

ಎರಡನೇ ಲೋಟಕ್ಕೆ, “ಬೇಳೆ ಬೆಂದಿಲ್ಲ!” ಮೂರನೆಯದಕ್ಕೆ, “ಒಗ್ಗರಣೆ ಯಾರಪ್ಪ ಹಾಕ್ತಾನೆ?” ಅಂಗಡಿಯಲ್ಲಿ ಅತಿ ದುಬಾರಿಯದು ಎಂದು ಹುಡುಗಿ ಎರಡೂ ಕೈಯಲ್ಲಿ ಹಿಡಿದು ತಂದದ್ದಕ್ಕೆ, “ಈ ಮನೆಯಲ್ಲಿ ಇನ್ನೂ ಏನೇನು ಕುಡಿಯಬೇಕೋ ನಾನು!” ನಾಗಭೂಷಣ ಮಾತ್ರ, “ನೋಡಿದ್ಯಾ ನಿಖರತೆ!” ಎಂದು ಬೀಗುತ್ತಲೇ ಇದ್ದ.

ಮಂದಾಕಿನಿ ಮೆಲ್ಲನೆ ಅಂಗಡಿಯ ಆ ತುದಿಗೆ ಸರಿದಳು. ಅಲ್ಲಿದ್ದ ಲೋಟವೊಂದನ್ನು ಸೆರಗಿನ ಮರೆಯಲ್ಲಿ ಮೂಸಿದಳು. ನೇರಳೆ ಹಣ್ಣಿನ ವಾಸನೆ! ಶಾಲೆಯ ಹಿಂದಿನ ಮರದಡಿ ಹಣ್ಣು ಆರಿಸಿ ತಿಂದು, ಯಾರ ನಾಲಿಗೆ ಹೆಚ್ಚು ನೀಲಿ ಎಂದು ಚಾಚಿ ತೋರಿಸುತ್ತಿದ್ದ ಹುಡುಗಿಯೊಬ್ಬಳು ಅವಳೊಳಗೆ ಥಟ್ಟನೆ ಎದ್ದು ಕೂತಳು. ಒಂದು ಗುಟುಕು ಕುಡಿದಳು. ಒಗರು, ಸಿಹಿ, ಕೊನೆಗೆ ಸ್ವಲ್ಪ ತುಂಟತನ. ಇಷ್ಟವಾಯಿತು. ಯಾರನ್ನೂ ಕೇಳದೆ ತನಗೆ ಒಂದು ರುಚಿ ಇಷ್ಟವಾಗಿ ಎಷ್ಟು ಕಾಲವಾಗಿತ್ತು!

“ಇದೇ ಕೊಡಿ.”

“ತಾಳು, ಅಮ್ಮ ಇನ್ನೂ ನೋಡಿಲ್ಲ!” ನಾಗಭೂಷಣ ಓಡಿಬಂದ.

“ಅಮ್ಮ ನೋಡೋದು ಬೇಡ” ಎಂದು ಮಂದಾಕಿನಿ ಬಾಟಲಿಯನ್ನು ಬ್ಯಾಗಿಗೆ ಹಾಕಿ ಜಿಪ್ಪು ಎಳೆದುಬಿಟ್ಟಳು. ಚೀಲದೊಳಗಿಂದ, “ದುಡುಕುಬುದ್ಧಿ! ದುಡುಕುಬುದ್ಧಿ!” ಎಂಬ ದನಿ ಕಾರಿನವರೆಗೂ ಬಂತು.

ಫ್ಲೋರಿನ್ ಮನೆಯ ಗೇಟಿನಲ್ಲಿ ಅವಳನ್ನು ಇಳಿಸಿ ನಾಗಭೂಷಣ ಹೊರಟುಹೋಗಬೇಕು ಎಂದು ಒಪ್ಪಂದವಾಗಿತ್ತು. ಆದರೆ ಫ್ಲೋರಿನ್ ಬಾಗಿಲಿಗೆ ಬಂದು, “ಬನ್ನಿ ಬನ್ನಿ, ಚೀಲದಲ್ಲೇನು ಹೊಸ ಯಂತ್ರವಾ?” ಎಂದಳು. ಅಷ್ಟು ಸಾಕಾಗಿತ್ತು. ಎರಡು ನಿಮಿಷದಲ್ಲಿ ರಸಜ್ಞೆ ಊಟದ ಮೇಜಿನ ನಟ್ಟನಡುವೆ ಕೂತಿದ್ದಳು, ಅದರ ದನಿ ಯಾರದೆಂದೂ ನಾಗಭೂಷಣ ಹೇಳಿ ಮುಗಿಸಿದ್ದ.

ಮೊದಲು ಫ್ಲೋರಿನ್ ಮನೆಯಲ್ಲೇ ಮಾಡಿದ ಶುಂಠಿ ವೈನ್. “ಕಷಾಯ! ಯಾರಿಗೆ ನೆಗಡಿ?”

ಫ್ಲೋರಿನ್ ಮುಖ ಶುಂಠಿಯಂತೆಯೇ ಆಯಿತು. ಮಡಿಕೇರಿಯ ದೇಚಮ್ಮ ಬಿದ್ದು ಬಿದ್ದು ನಕ್ಕಳು. ಸೊಂಡಿಲು ಅವಳು ತಂದ ವಿದೇಶಿ ಬಾಟಲಿಯತ್ತ ತಿರುಗಿತು. “ಮೂರು ದಿನದ ಹುಳಿ! ಹಸುವಿಗೆ ಹಾಕಿ, ಅದೂ ಕುಡಿದರೆ!” ಈಗ ಫ್ಲೋರಿನ್ ನಕ್ಕಳು, ದೇಚಮ್ಮ ನಿಲ್ಲಿಸಿದಳು.

“ನಿಮ್ಮತ್ತೆ ಹೀಗೇನಾ ಮಂದಾ ಮಾತಾಡ್ತಿದ್ದದ್ದು?” ಎಂದು ದೇಚಮ್ಮ ಕೇಳಿದಳು.

“ಇದು ಅವರು ಖುಷಿಯಾಗಿದ್ದಾಗ” ಎಂದಳು ಮಂದಾಕಿನಿ.

ಅವಳ ಬಾಟಲಿಯ ಸರದಿ. ಬೇಡವೆಂದರೂ ನಾಗಭೂಷಣ ಬಿರಡೆ ತೆಗೆದ. ಮಂದಾಕಿನಿ ಸೆರಗು ಸರಿಮಾಡಿಕೊಂಡಳು. ಐವತ್ತಾರು ವರ್ಷದ ಹೆಂಗಸು, ಕಾಫಿ ಫಿಲ್ಟರಿನ ಮುಂದೆ ಹೊಸ ಸೊಸೆಯ ಹಾಗೆ ನಿಂತಿದ್ದೇನಲ್ಲ ಎಂದು ತನ್ನ ಮೇಲೆ ತನಗೇ ಸಿಟ್ಟು ಬಂತು. ಗೆಳತಿಯರ ಮುಂದೆ ಈಗ ಹನ್ನೊಂದೋ, ನಾಲ್ಕೋ?

ನಾಲಿಗೆ ಅದ್ದಿತು. ಲೊಚಲೊಚ. ದೀಪ ಕೆಂಪಾಯಿತು, ಹಳದಿಯಾಯಿತು, ಮತ್ತೆ ಲೊಚಲೊಚ. ಮಾತಿಲ್ಲ! ಸೊಂಡಿಲು ಇನ್ನಷ್ಟು ಒಳಗಿಳಿಯಿತು. ಗಟಗಟ ಸದ್ದು.

“ರೀ, ಅದು ಕುಡೀತಿದೆ!”

“ಸ್ವಿಚ್ಚು ಕೇಳ್ತಿಲ್ಲ!” ನಾಗಭೂಷಣ ಎರಡೂ ಕೈಯಲ್ಲಿ ಎಳೆದ. ಕಾಲು ಬಾಟಲಿ ಖಾಲಿಯಾದ ಮೇಲೆ ಪಟ್ಟೆಂದು ಕಳಚಿಕೊಂಡಿತು. ಫಿಲ್ಟರು ಒಮ್ಮೆ ಬಿಕ್ಕಿತು.

“ಮಂದಾಕಿನೀ...” ಎಂದಿತು ಅತ್ತೆಯ ದನಿ.

ಬದುಕಿದ್ದಷ್ಟು ದಿನ ಅತ್ತೆ ಅವಳನ್ನು “ಇವಳೇ” ಎಂದದ್ದು ಬಿಟ್ಟರೆ ಹೆಸರು ಹಿಡಿದು ಕರೆದವರಲ್ಲ.

“ಎಷ್ಟು ಚೆನ್ನಾಗಿದೆಯೇ, ನನ್ನ ಬಂಗಾರ! ನೂರಕ್ಕೆ ನೂರ ಹತ್ತು!”

ಮೇಜಿನ ಸುತ್ತ ಚಪ್ಪಾಳೆಯೋ ಚಪ್ಪಾಳೆ! ನಾಗಭೂಷಣ ಮಾತ್ರ ಹಣೆ ಚಚ್ಚಿಕೊಂಡ. “ತಪ್ಪು ಹುಡುಕೋ ಭಾಗಕ್ಕೆ ವೈನ್ ಇಳಿದುಬಿಟ್ಟಿದೆ!”

ಚಕ್ರದ ಮೇಲೆ ಓಲಾಡುತ್ತ ರಸಜ್ಞೆ ಹೊರಟಳು. ಉಪ್ಪಿನ ಡಬ್ಬಿಗೆ ನೂರು. ಕಿಟಕಿಯ ಪರದೆಗೆ ನೂರು, “ಹದವಾಗಿ ಬೆಂದಿದೆ!” ಮೇಜಿನಿಂದ ದಿವಾನದ ಮೇಲೆ ಧೊಪ್ಪನೆ ಬಿದ್ದು, ಅಲ್ಲಿಂದ ಉರುಳಿ, ಬಾಗಿಲ ಬಳಿಯಿದ್ದ ದೇಚಮ್ಮನ ಚಪ್ಪಲಿಗೆ ನಾಲಿಗೆ ಚಾಚಿದಳು. “ಇಂಗು ಸರಿಯಾಗಿದೆ, ಮಗಳೇ!”

ಉಳಿದ ಮುಕ್ಕಾಲು ಬಾಟಲಿಯನ್ನು ಮೂವರು ಹೆಂಗಸರು ಮುಗಿಸಿ, ಕನ್ನಡಿಯ ಮುಂದೆ ನಿಂತು ಯಾರ ನಾಲಿಗೆ ಹೆಚ್ಚು ನೀಲಿ ಎಂದು ಚಾಚಿ ನೋಡಿಕೊಂಡರು.

“ಇನ್ನು ಮೇಲೆ ವೈನ್ ಆರಿಸೋದು ಮಂದಾ” ಎಂದಳು ಫ್ಲೋರಿನ್.

“ಸಾರು?”

“ಸಾರು ದೇಚಮ್ಮ ತರ್ತಾಳೆ.”

“ನಾನಾ? ನಂಗೆ ನೀರು ಕಾಯಿಸೋದೇ ಕಷ್ಟ!” ಎಂದು ದೇಚಮ್ಮ ಕೂಗಿಕೊಂಡಳು.

ಮರುದಿನ ನಾಗಭೂಷಣ ಯಂತ್ರವನ್ನು ಬಿಚ್ಚಿ, ಒರೆಸಿ, ಬಿಸಿಲಿಗಿಟ್ಟು, ಮತ್ತೆ ಜೋಡಿಸಿದ. ಬೆಳಗಿನ ಸಾರಿಗೆ ಅದ್ದಿದರೆ, “ಇದೇನು ಸಾರಾ...” ಎಂದು ಶುರುವಾಯಿತು.

ಮಂದಾಕಿನಿ ಎದ್ದುಹೋಗಿ ಬರುವ ದಾರಿಯಲ್ಲಿ ಕೊಂಡಿಟ್ಟಿದ್ದ ಅದೇ ಬಗೆಯ ಹೊಸ ಬಾಟಲಿಯೊಂದನ್ನು ಕಪಾಟಿನಿಂದ ತಂದು, ಒಂದು ಚಮಚ ವೈನನ್ನು ಸ್ಪಂಜಿನ ನಾಲಿಗೆಗೆ ಬಿಟ್ಟಳು. ಫಿಲ್ಟರು ಬಿಕ್ಕಿತು.

“ಅಮೃತ ಕಣೇ, ಮಂದಾಕಿನೀ!”

ಅವಳು ಬಿರಡೆಯನ್ನು ಒತ್ತಿ ಮುಚ್ಚಿ, ಗಂಡನ ಕಡೆ ತಿರುಗಿ ಹೇಳಿದಳು:

“ಇಷ್ಟೇ ಅಂತ ಆಗಲೇ ಗೊತ್ತಿದ್ದಿದ್ದರೆ, ಅಷ್ಟು ವರ್ಷ ಇಂಗು ದಂಡ ಮಾಡ್ತಿರಲಿಲ್ಲ ಕಣ್ರೀ.”