ಕಾಕೂನ ಗಾಡಿ-ತ್ಯಾಗ, ನನ್ನ ಎರಡು ಸೆನ್ಸರ್

ಗಾಡಿ ರಿಪೇರಿ ಧಂದೆದಾಗ ಬಿದ್ದು ಇಪ್ಪತ್ತು ವರ್ಷ ಆತು. ಗಾಡಿ ನೋಡಿ ನಾ ಒಮ್ಮೆನೂ ನಕ್ಕಿಲ್ಲ, ಗಾಡಿ ಸಂಗಾಟ ಬರೋ ಮಂದಿ ನೋಡಿ ನಗಲಾರದ ದಿನಾ ಇಲ್ಲ. ಮಿರಜದಾಗ ನನ್ನ ಗ್ಯಾರೇಜು, ಅದರಾಗೂ ವೈರಿಂಗ್, ಸೆನ್ಸರ್ ಕೆಲಸ ನಂದು. ಇಂಜಿನ್ನಿನ ನೀರು ಎಷ್ಟು ಬಿಸಿ ಆಗೇತಿ ಅಂತ ಹೇಳಾಕ ಬೆರಳುದ್ದದ ಒಂದು ಟೆಂಪರೇಚರ್ ಸೆನ್ಸರ್ ಇರ್ತೈತಿ. ಅದು ಸುಳ್ಳು ಹೇಳಾಕತ್ತಿದ್ರ ನನ್ನ ಕಡೆ ಬರ್ತಾರ. ಒಬ್ಬರು ಮಾಸ್ತರು, ಬಿಸಿ ಆಗೇತಿ ಅಂತ ಕೆಂಪು ದೀಪ ಹತ್ತತೈತಿ ಅಂತ ಅದರ ಮ್ಯಾಲೆ ಹೆಂಡತಿ ಹಣಿಗೆ ಹಚ್ಚೋ ಟಿಕಳಿ ಅಂಟಿಸಿಕೊಂಡು ಬಂದಿದ್ರು. "ಈಗ ಏನೂ ಕಾಣೂದಿಲ್ಲ ನೋಡು, ಆರಾಮ ಐತಿ" ಅಂದ್ರು. ಆರಾಮ ಇದ್ರ ನನ್ನ ಕಡೆ ಯಾಕ ಬಂದ್ರಿ ಅಂತ ಕೇಳಬೇಕಂದೆ, ಬಿಟ್ಟೆ. ಆದ್ರ ಆ ಮಾಸ್ತರು ನಮ್ಮ ಸಾಂಗ್ಲಿವಾಡಿ ಕಾಕಾನ ಮುಂದ ಏನೂ ಅಲ್ಲ.

೧. ಕಾಕೂ ಏನ ಬಿಟ್ಟರು

ಕಾಕಾ ಅರಿಶಿಣ ವ್ಯಾಪಾರದವರು. ಜೈನರು, ಪ್ಯಾಟ್ಯಾಗ ಮರಾಠಿ, ಮನಿಯಾಗ ಕನ್ನಡ. ಹದಿನೈದು ವರ್ಷದ ಹಳೇ ಬಿಳಿ ಗಾಡಿ ಅಂದ್ರ ಅವರಿಗೆ ಜೀವ. ಒಂದಿನ ಬಂದು ಸ್ಟೂಲ್ ಮ್ಯಾಲೆ ಕುಂತು, "ತಮ್ಮಾ, ಏನರ ಮಾಡೋ. ನಿಮ್ಮ ಕಾಕೂ ಗಾಡಿ ತ್ಯಾಗ ಮಾಡ್ಯಾಳ" ಅಂದ್ರು.

ಕಾಕೂ ಅಂದ್ರ ಕಾಕಾನ ಹೆಂಡತಿ, ಅದು ಗೊತ್ತು; ಗಾಡಿ ತ್ಯಾಗ ಅಂದ್ರ ಏನಂತ ನನಗ ತಿಳೀಲಿಲ್ಲ. ಬಿಡಿಸಿ ಹೇಳಿದ್ರು. ಒಂದು ಮದುವಿಗೆ ಇಬ್ಬರೂ ಹೊಂಟಾರ, ಕಾಕೂ ಹೊಸ ರೇಷ್ಮಿ ಸೀರಿ ಉಟ್ಟಾರ. ಕೃಷ್ಣಾ ಬ್ರಿಜ್ ನಟ್ಟನಡುವ, ಇಂಜಿನ್ ಬಿಸಿ ತೋರಸೋ ಸೂಜಿ ಕೆಂಪಿಗೆ ಹೋತು. ಹೊಗಿ ಇಲ್ಲ, ಏನಿಲ್ಲ, ಆದ್ರೂ ಕಾಕಾ ಹೆದರಿ ಗಾಡಿ ನಿಲ್ಲಿಸಿ ಬಾನೆಟ್ ಎತ್ತಿದ್ರು. ಸಾಂಗ್ಲಿವಾಡಿಯಿಂದ ಸಾಂಗ್ಲಿಗೆ ಹೋಗೋ ಗುರ್ತಿನ ಮಂದಿ ಎಲ್ಲಾ ಅದ ಬ್ರಿಜ್ ಮ್ಯಾಲೆ ಹೋಗಬೇಕಲ್ಲ. ಒಬ್ಬೊಬ್ಬರೂ ನಿಂತು "ಕಾಯ್ ಝಾಲಂ, ಕಾಕೂ?", ಏನಾತು ಅಂತ ಮರಾಠಿದಾಗ ಕೇಳಾವ್ರ. ಕಾಕೂ ಎಲ್ಲಾರಿಗೂ ಉತ್ತರ ಕೊಟ್ಟು ಕೊಟ್ಟು ಸಾಕಾಗಿ, ಸೀರಿ ನಿರಿಗಿ ಎತ್ತಿ ಹಿಡದು, ಬ್ರಿಜ್ ದಾಟಿ ನಡಕೊಂತ ಹೋಗಿಬಿಟ್ಟರು.

ಮುಂದ ಚಾತುರ್ಮಾಸ ಬಂತು. ಬಸದಿಯಾಗ ಹೆಣ್ಣಮಕ್ಕಳು ನಾಕು ತಿಂಗಳು ಒಂದೊಂದು ತ್ಯಾಗ ಮಾಡ್ತಾರ. ಒಬ್ಬರು ಸಕ್ಕರಿ ಬಿಟ್ಟರು, ಒಬ್ಬರು ತುಪ್ಪ ಬಿಟ್ಟರು. ಕಾಕೂನ ಪಾಳಿ ಬಂದಾಗ ಕೈಮುಗದು "ನಮ್ಮ ಯಜಮಾನರ ಗಾಡಿ" ಅಂದ್ರಂತ. ಇಡೀ ಬಸದಿ ನಕ್ಕಿತಂತ. ಕಾಕೂ ನಗಲಿಲ್ಲ.

"ಈಗ ಎಂಟು ದಿನಕ್ಕ ತ್ಯಾಗ ಮುಗೀತೈತಿ" ಅಂದ್ರು ಕಾಕಾ. "ಮರುದಿನ ಸಲಗರೆಗೆ, ತವರಮನಿಗೆ ಹೋಗೋದೈತಿ. ಅವತ್ತ ಗಾಡಿ ಸುದ್ದ ಇದ್ರ ಕುಂದರ್ತೇನಿ, ಇಲ್ಲಂದ್ರ ಜನ್ಮಪೂರ್ತಿ ತ್ಯಾಗ ಅಂದಾಳ." ಹೇಳ್ತಾ ಹೇಳ್ತಾ ಮುದುಕರ ಕಣ್ಣಾಗ ನೀರು ಬಂತು. ನನಗೂ ಕೆಟ್ಟ ಅನಿಸ್ತು.

"ಮತ್ತ ಈ ನಾಕು ತಿಂಗಳು ಕಾಕೂ ಹೆಂಗ ಅಡ್ಡಾಡ್ಯಾರ?"

"ರಿಕ್ಷಾದಾಗ. ಹಿಂದ ನಾನು ಗಾಡಿ ತಗೊಂಡು ಹೋಗ್ತೇನಿ."

"ಖಾಲಿ ಗಾಡಿ?"

"ಖಾಲಿ ಯಾಕೋ? ಆಕಿ ಚೀಲಾ ಇರ್ತೈತಿ. ಚೀಲಾ ಏನು ತ್ಯಾಗ ಮಾಡಿಲ್ಲಲ್ಲ!"

೨. ಖಾಲಿ ಹೊಟ್ಟಿ

ಹೊಗಿ ಇಲ್ಲ, ಸೂಜಿ ಮಾತ್ರ ಏರ್ತೈತಿ ಅಂದ್ರ ನನಗ ಸೆನ್ಸರ್ ಮ್ಯಾಲ ಸಂಶೆ ಬಂತು. ಅದನ್ನ ನೋಡಾಕ ಒಂದು ಸಾದಾ ರೀತಿ ಐತಿ. ಮುಂಜಾನೆ ಇಂಜಿನ್ ಪೂರ್ತಿ ಆರಿರ್ತೈತಿ, ಆವಾಗ ನೀರೂ ಹೊರಗಿನ ಗಾಳಿಯಷ್ಟ ತಣ್ಣಗ ಇರಬೇಕು. ಸ್ಕ್ಯಾನರ್ ಹಚ್ಚಿದ್ರ ಎರಡೂ ಅಂಕಿ ಒಂದ ಬರಬೇಕು. ಬರಲಿಲ್ಲಂದ್ರ ಸೆನ್ಸರ್ ಕೆಟ್ಟಂಗ.

"ನಾಳೆ ಮುಂಜಾನೆ ನಾನ ಮನಿಗೆ ಬರ್ತೇನ್ರಿ. ಅಲ್ಲೀತನಾ ಗಾಡಿ ಚಾಲೂ ಮಾಡಬ್ಯಾಡ್ರಿ" ಅಂದೆ.

ಮಿರಜ ಅಂದ್ರ ದವಾಖಾನಿ ಊರು. ಇಲ್ಲಿ ಮೆಕ್ಯಾನಿಕ್ ಮಾತಾಡಿದ್ರೂ ಮಂದಿಗೆ ಡಾಕ್ಟರ್ ಮಾತಾಡಿದಂಗ ಕೇಳತೈತಿ. ಕಾಕಾ ತಲಿ ಹಾಕಿ, "ತಿಳೀತು. ಖಾಲಿ ಹೊಟ್ಟಿಲೆ ಮಾಡೋ ಟೆಸ್ಟು" ಅಂದ್ರು.

"ಹಂಗ ತಿಳೀರಿ."

ಬಾಗಲತನಾ ಹೋದವರು ಗಾಬರಿ ಆಗಿ ತಿರುಗಿ ಬಂದ್ರು. "ತಮ್ಮಾ, ನಿನ್ನೆನ ಟಾಕಿ ತುಂಬ ಪೆಟ್ರೋಲ್ ಹಾಕ್ಸೇನಲ್ಲೋ. ಎಲ್ಲಾ ತಗಸಲೇನು?"

೩. ಹರಳು

ಮರುದಿನ ಹೋದೆ. ಚಳಿ ಇತ್ತು, ಕಾಕೂ ಬಸದಿಗೆ ಹೋಗಿದ್ರು. ಗಾಡಿ ಚಾಲೂ ಮಾಡಿಲ್ಲ ಅಂತ ಕಾಕಾ ಆಣಿ ಮಾಡಿದ್ರು. ಸ್ಕ್ಯಾನರ್ ಹಚ್ಚಿದೆ. ಗಾಳಿ ಇಪ್ಪತ್ತೊಂದು ಡಿಗ್ರಿ, ನೀರು ಐವತ್ನಾಕು! ರಾತ್ರಿಪೂರ್ತಿ ನಿಂತ ಗಾಡಿದಾಗ ಐವತ್ನಾಕು ಹೆಂಗ ಬರ್ತೈತಿ? ಕಳ್ಳ ಸಿಕ್ಕ ಅಂತ ಮೀಸಿ ತಿರುವಿ, ಕೈಗೆ ದಪ್ಪ ಗ್ಲೌಸ್ ಹಾಕ್ಕೊಂಡು ಹಳೇ ಸೆನ್ಸರ್ ಕಿತ್ತು ಹೊಸಾದು ಹಾಕಿದೆ.

ಕಿತ್ತಿದ್ದನ್ನ ಕಾಕಾ ಇಸಗೊಂಡ್ರು. ನಮ್ಮ ಕಡೆ ಪಿತ್ತಕೋಶದ ಆಪರೇಶನ್ ಆದ್ರ, ಒಳಗಿಂದು ತಗದ ಹರಳು ಬಾಟ್ಲಿದಾಗ ಹಾಕಿ ಕೊಡ್ತಾರ, ಬಂದು ಹೋದವರಿಗೆಲ್ಲಾ ಅದನ್ನ ತೋರಸೋದು ರೂಢಿ. ಕಾಕಾನೂ ಸೆನ್ಸರ್ ಒಂದು ಬಾಟ್ಲಿದಾಗ ಹಾಕಿ, ಬೂಚ ಬಿಗದು, ಬಸದಿ ಕಟ್ಟಿ ಮ್ಯಾಲೆ ಕುಂತ ಹಿರ್ಯಾರಿಗೆಲ್ಲಾ ತೋರಿಸಿದ್ರಂತ. "ಇದ ನೋಡ್ರಿ, ಒಳಗ ಕುಂತು ತ್ರಾಸ ಕೊಡಾಕತ್ತಿತ್ತು."

ಒಬ್ಬ ಅಜ್ಜಾರು ಬಾಟ್ಲಿ ಬಿಸಲಿಗೆ ಹಿಡದು, ತಿರಿಗ್ಯಾಡಿಸಿ ನೋಡಿ, "ಇದೇನು ಮಹಾ? ನಂದು ಇದಕ್ಕಿಂತ ದೊಡ್ಡದಿತ್ತು" ಅಂದ್ರಂತ.

೪. ದೇಹ ಒಪ್ಪಲಿಲ್ಲ

ಎರಡು ದಿನ ಬಿಟ್ಟು ಕಾಕಾನ ಫೋನ್. "ಸೂಜಿ ಮತ್ತ ಏರೇತೋ ತಮ್ಮಾ." ಮುಂಜಾನೆ ಹೋಗಿ ನೋಡಿದ್ರ ಹೊಸ ಸೆನ್ಸರೂ ಐವತ್ತೈದು ಅನ್ನಾಕತ್ತೈತಿ! ಮಾಲು ಖರಾಬ ಇರಬೇಕಂತ ಕೊಲ್ಲಾಪುರದಿಂದ ಅಸಲಿ ಕಂಪನಿದು ತರಿಸಿ ಹಾಕಿದೆ. ಮರುದಿನ ಐವತ್ಮೂರು. ವೈರ್ ಒಂದೊಂದ ಬಿಚ್ಚಿ ನೋಡಿದೆ, ಎಲ್ಲಾ ಬರೋಬರಿ. ನೀರು ನೋಡಿದೆ, ಮುಚ್ಚಳತನಾ ತುಂಬೇತಿ. ತಲಿ ಕೆಟ್ಟು ಮೊಸರು ಆತು. ಇಪ್ಪತ್ತು ವರ್ಷದ ಹೆಸರು, ಒಂದು ಬೆರಳುದ್ದದ ಸಾಮಾನಿನ ಮುಂದ ಮಣ್ಣಾಗ ಹೊಂಟಿತ್ತು. ಕಾಕೂನ ತ್ಯಾಗ ಮುಗಿಯಾಕ ಉಳದದ್ದು ಎರಡ ದಿನ.

ಮೂಲ್ಯಾಗ ಸಣ್ಣ ಮಾರಿ ಮಾಡಿ ಕುಂತ ನನ್ನ ಹೆಗಲ ಮ್ಯಾಲೆ ಕಾಕಾ ಕೈ ಇಟ್ಟರು. "ಮನಸಿಗೆ ಹಚ್ಚಿಕೋಬ್ಯಾಡ. ನಿನ್ನ ಕೈಯಾಗ ತಪ್ಪಿಲ್ಲ. ಹೊರಗಿನ ಭಾಗ ನೋಡು, ದೇಹ ಒಪ್ಪವಲ್ಲದು."

ಹೊಂಟಾಗ ಕೈಯಾಗ ಒಂದು ಎಳನೀರು ಕೊಟ್ಟರು. ಪೇಶಂಟ್ ಗಾಡಿ, ಎಳನೀರು ಡಾಕ್ಟರಿಗೆ.

೫. ಕಾಕೂನ ಕೈ

ಸಲಗರೆಗೆ ಹೋಗೋ ದಿನ ಬಂತು. ಮುಂಜಾನೆ ನಾನು ದೇವರ ನೆನಸಿ ಹೋದೆ. ಅವತ್ತ ಕಾಕೂ ಮನ್ಯಾಗ ಇದ್ರು. ಅದ ರೇಷ್ಮಿ ಸೀರಿ, ಕೈಯಾಗ ಚೀಲಾ, ಗಾಡಿಯಿಂದ ನಾಕು ಹೆಜ್ಜಿ ದೂರ ನಿಂತಿದ್ರು. ಕಾಕಾ ಅವರ ಮಾರಿ, ನನ್ನ ಮಾರಿ ನೋಡಾಕತ್ತಿದ್ರು. ಸ್ಕ್ಯಾನರ್ ಹಚ್ಚಿದೆ. ಗಾಳಿ ಇಪ್ಪತ್ತು. ನೀರು ಐವತ್ತಾರು.

"ಇನ್ನೊಂದ ಸೆನ್ಸರ್..." ಅಂತ ನಾ ಬಾಯಿ ತಗದೆ.

ಕಾಕೂ ಚೀಲಾ ಕೆಳಗ ಇಟ್ಟು ಬಂದು, ಅಡಗಿಮನ್ಯಾಗ ಪಾತೇಲಿ ಮುಟ್ಟಿ ನೋಡಿದಂಗ ಇಂಜಿನ್ನಿನ ಪೈಪಿಗೆ ಕೈ ಹಚ್ಚಿದ್ರು. ಥಟ್ಟನ ಕೈ ಜಗ್ಗಿದ್ರು. "ಅಯ್ಯ ತಮ್ಮಾ! ಖರೇನ ಬಿಸಿ ಐತಲ್ಲೋ ಇದು!"

ನಾನೂ ಮುಟ್ಟಿದೆ. ಸುಡಾಕತ್ತಿತ್ತು! ಚಾಲೂನ ಮಾಡಲಾರದ ಗಾಡಿ! ಇಬ್ಬರೂ ಕಾಕಾನ ಕಡೆ ತಿರಗಿದ್ವಿ. ಅವರು ಒಂದು ಹಿತ್ತಾಳಿ ತಂಬಿಗಿ ಬೆನ್ನ ಹಿಂದ ಮುಚ್ಚಿಟ್ಟಗೊಂಡು ನಿಂತಿದ್ರು. ತಂಬಿಗಿ ಬಾಯಿಗೆ ಸೋಸೋ ಅರಿವಿ, ಒಳಗಿಂದ ಇನ್ನೂ ಹಬಿ.

"ದಿನಾ ಎರಡು ತಂಬಿಗಿ ನೀರು ಕುಡೀತೈತೋ ತಮ್ಮಾ" ಅಂತ ಸಣ್ಣ ದನಿಲೆ ಅಂದ್ರು. "ವಯಸ್ಸಾದ ಗಾಡಿ, ಎಲ್ಲಾ ಗಾಡಿನೂ ಕುಡೀತಾವ ಅನಕೊಂಡೆ. ನಾವು ಸೋಸಿ, ಕಾಸಿದ ನೀರ ಬಿಟ್ಟು ಬ್ಯಾರೆ ಕುಡಿಯೂದಿಲ್ಲ. ಹದಿನೈದು ವರ್ಷದಿಂದ ಮನ್ಯಾಗ ಐತಿ, ಅದಕ್ಕಷ್ಟ ನಳದ ನೀರು ಹೆಂಗ ಹಾಕಲಿ?"

"ನಾಕು ತಿಂಗಳಿಂದ ನಾ ಕಾಸಿಟ್ಟ ನೀರು ಕಡಿಮಿ ಬೀಳ್ತಿತ್ತು" ಅಂದ್ರು ಕಾಕೂ. "ಕೇಳಿದ್ರ ಕೆಮ್ಮು ಬಂದೈತಿ, ಕುಡದೇನಿ ಅಂತಿದ್ರಿ!"

"ಕೆಮ್ಮು ಗಾಡಿಗೆ ಬಂದಿತ್ತ" ಅಂದ್ರು ಕಾಕಾ.

ನನಗ ಭೂಮಿ ಬಾಯಿ ಬಿಟ್ಟಿದ್ರ ಒಳಗ ಹೋಗ್ತಿದ್ದೆ. ಆ ಹಳೇ ಗಾಡಿದಾಗ ನೀರು ಹಾಕೋ ಬಾಯಿ, ಸೆನ್ಸರ್ ಎರಡೂ ಮಗ್ಗಲಕ್ಕ ಮಗ್ಗಲ. ಕಾಕಾ ನಾ ಬರೋಕಿಂತ ಮೊದಲ ಬಿಸಿನೀರು ಹಾಕಿ ಮುಚ್ಚಳ ಮುಚ್ಚಿರ್ತಿದ್ರು, ನಾನು ಅಂಕಿ ನೋಡ್ತಿದ್ದೆ, ನೀರು ತುಂಬೇತಿ ಅಂತ ಖುಷಿ ಪಡ್ತಿದ್ದೆ. ಸ್ಕ್ಯಾನರ್ ಇತ್ತು, ದಪ್ಪ ಗ್ಲೌಸ್ ಇತ್ತು, ಪೈಪಿಗೆ ಬರಿಗೈ ಹಚ್ಚೋ ಬುದ್ಧಿ ಇರಲಿಲ್ಲ. ಗಾಡಿ ಕೆಳಗ ಬಗ್ಗಿ ನೋಡಿದ್ರ ಒಂದು ಪೈಪಿನ ಕ್ಲಿಪ್ ಸಡ್ಲ ಆಗಿ ಹನಿ ಹನಿ ಸೋರಾಕತ್ತಿತ್ತು. ನೀರು ಕಡಿಮಿ ಆಗಿ ದಾರ್ಯಾಗ ಸೂಜಿ ಏರ್ತಿತ್ತು. ಐದು ನಿಮಿಷದಾಗ ಬಿಗದೆ. ಆರಲಿಕ್ಕೆ ಬಿಟ್ಟು, ಒಳಗಿನ ನೀರು ತಗದು, ಇಂಜಿನ್ ತಣ್ಣಗ ಇಡೋ ಕೂಲಂಟ್ ತುಂಬಿ, ಅರ್ಧಾ ತಾಸು ಚಾಲೂ ಇಟ್ಟೆ. ಸೂಜಿ ನಡುವ ಬಂದು ನಿಂತಿದ್ದು ಅಳಗಾಡಲಿಲ್ಲ.

ಕಾಕೂ ಬಾಟ್ಲಿದಾಗಿನ ಸೆನ್ಸರ್ ತರಿಸಿ ಕೈಯಾಗ ಹಿಡದ್ರು. "ಪಾಪ, ಬಿಸಿ ಐತಿ, ಬಿಸಿ ಐತಿ ಅಂತ ಖರೆ ಹೇಳಿತು. ಅದನ್ನ ಕಿತ್ತು ಬಾಟ್ಲಿಗೆ ಹಾಕಿದ್ರಿ. ಈ ಮನ್ಯಾಗ ಖರೆ ಹೇಳಿದವರ ಹಣೆಬಾರಾನ ಇಷ್ಟ" ಅಂದ್ರು. ಆಮ್ಯಾಲೆ ಕಾಕಾನ ಕಡೆ ತಿರುಗಿ, "ನನ್ನ ತ್ಯಾಗ ಮುಗೀತು, ಈಗ ನಿಮ್ಮದು. ಇವತ್ತಿಂದ ಬಾನೆಟ್ ತ್ಯಾಗ."

ಕಾಕಾ ಎರಡೂ ಕೈ ಮುಗದ್ರು. ಕಾಕೂ ಗಾಡಿ ಬಾಗಲಾ ತಗದು ಒಂದು ಕಾಲು ಒಳಗ ಇಟ್ಟರು. ನಾಕು ತಿಂಗಳ ಮ್ಯಾಲೆ! ಕಾಕಾನ ಮಾರಿ ಹಿಗ್ಗಿತು. ಆ ಹಿಗ್ಗಿನಾಗ ಅವರು ನನ್ನ ಕಿವಿ ಹತ್ರ ಬಗ್ಗಿ, ಪಿಸುದನಿ ಅನಕೊಂಡು ಜೋರಾಗೇ ಕೇಳಿದ್ರು:

"ತಮ್ಮಾ, ಮುಂದಿನ ಕಾಚಿಗೆ ನೀರು ಚಿಮಕಸ್ತೈತಲ್ಲ, ಆ ವೈಪರ್ ಡಬ್ಬಿಗರ ಕಾಸಿದ್ದ ಹಾಕಬಹುದಲ್ಲ?"

ಕಾಕೂ ಒಳಗ ಇಟ್ಟ ಕಾಲು ಹೊರಗ ತಗದ್ರು.

"ಅದೂ ತ್ಯಾಗ! ಅದೂ ತ್ಯಾಗ!" ಅಂತ ಕಾಕಾ ಚೀರಿದ್ರು. ಕಾಲು ಮತ್ತ ಒಳಗ ಹೋತು, ಬಾಗಲಾ ಮುಚ್ಚಿತು.